ಒಂದೇ ರಾಡ್, ಎರಡು ಟಾಪ್: ಫೀಡರ್ ಬೀಸಿದ್ರೆ ಲೈನ್ ಪಟ್ ಅಂತ ಹರಿಯುತ್ತೆ

ಕಾಲುವೆ_ದಡ
ತಲೆ ಕೆಟ್ಟು ಹೋಗಿದೆ. ಇಂಗ್ಲೆಂಡಿನ ಕೆರೆ, ಕಾಲುವೆ, ಸಣ್ಣ ಹೊಳೆ, ಎಲ್ಲ ಕೋರ್ಸ್ ಫಿಶಿಂಗಿಗೂ ಒಂದೇ ಸಾಕು ಅಂತ 11 ಅಡಿಯ ಟ್ವಿನ್ ಟಾಪ್ ಗಾಳದ ರಾಡ್ ತಗೊಂಡಿದ್ದು, ಮೇಲಿನ ತುಂಡು ಎರಡು, ಬೇಕಾದ್ದು ಜೋಡಿಸೋದು. ಒಂದು ಮಾಮೂಲಿ ಏವನ್ ಟಾಪ್, 1.25 ಪೌಂಡ್ ಟೆಸ್ಟ್ ಕರ್ವ್ (ರಾಡನ್ನ 90 ಡಿಗ್ರಿ ಬಗ್ಗಿಸೋಕೆ ಬೇಕಾದ ಎಳೆತ). ಇನ್ನೊಂದು ಕ್ವಿವರ್ ಟಾಪ್, ಅದಕ್ಕೆ ಮೀನು ಕಚ್ಚಿದ್ರೆ ಅಲ್ಲಾಡೋ 1 ಮತ್ತು 2 ಔನ್ಸಿನ ತೆಳ್ಳನೆ ತುದಿಗಳು. ಬೆಂಡು ಹಾಕಿದ್ರೆ ಏನೂ ತೊಂದರೆ ಇಲ್ಲ. ಮೆಥಡ್ ಫೀಡರ್ (ಮೇವು ಒತ್ತಿ ಎಸೆಯೋ ತೂಕದ ಗೂಡು) ಕಟ್ಟಿ ಬೀಸಿದ್ರೆ ನಾಲ್ಕೈದು ಸಲಕ್ಕೆ ಒಂದ್ಸಲ ಪಟ್! ಫೀಡರ್ ಮಾತ್ರ ಹಾರಿಹೋಗಿ ಕೆರೆ ನಡುವೆ ಬೀಳುತ್ತೆ. ಲೈನ್ ಹೊಸದು. ರಾಡೇ ಸರಿ ಇಲ್ಲ ಅನ್ಸುತ್ತೆ. ವಾಪಸ್ ಕೊಟ್ಟು 12 ಅಡಿಯ ಫೀಡರ್ ರಾಡ್ ತಗೊಳ್ಳೋದಾ?

ತಂಗೂಸಿ
ರಾಡ್ ಬೈಯೋಕೆ ಮುಂಚೆ ಲೈನ್ ಎಷ್ಟು ಪೌಂಡ್, ಫೀಡರ್ ಎಷ್ಟು ಗ್ರಾಂ, ಗಂಟು ಯಾವುದು, ಹೇಳಿ. ಇಂಥ ಕೇಸಲ್ಲಿ ಮುಕ್ಕಾಲು ಪಾಲು ಗಂಟಿಂದೇ ತಪ್ಪು. ಒಣ ಗಂಟು ಎಳೆದ್ರೆ ಬಿಸಿ ಹುಟ್ಟಿ ನೈಲಾನ್ ಅಲ್ಲೇ ಸಾಯುತ್ತೆ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಸಿ. ಗ್ರಿನ್ನರ್ ಗಂಟು, ಐದು ಸುತ್ತು.

ಕಾಲುವೆ_ದಡ
ಅದೆಲ್ಲ ಮಾಮೂಲಿ ಸಾರ್. 6 ಪೌಂಡ್ ಮಾನೊ (ಒಂಟಿ ಎಳೆ ನೈಲಾನ್), 30 ಗ್ರಾಂ ಫೀಡರ್, ಗ್ರಿನ್ನರ್ರೇ ಹಾಕೋದು.

ಟ್ರೆಂಟ್_ತೀರ
30 ಗ್ರಾಂ ಅನ್ನೋದು ಖಾಲಿ ಫೀಡರಿನ ತೂಕ. ನೆನೆಸಿದ ಪೆಲೆಟ್ ಮೇವು ಒತ್ತಿದ ಮೇಲೆ ಅಡುಗೆಮನೆ ತಕ್ಕಡಿ ಮೇಲೆ ಇಟ್ಟು ನೋಡಿ, 50 ದಾಟಿರುತ್ತೆ. ಹಳೇ ಲೆಕ್ಕದಲ್ಲಿ ಟೆಸ್ಟ್ ಕರ್ವ್ ಎಷ್ಟು ಪೌಂಡೋ ಅಷ್ಟು ಔನ್ಸ್ ಬೀಸಬಹುದು. 1.25 ಔನ್ಸ್ ಅಂದ್ರೆ ಸುಮಾರು 35 ಗ್ರಾಂ. ಲೈನಿಗೆ ಐದರಿಂದ ಗುಣಿಸಿ, 6.25 ಪೌಂಡ್. ಲೈನ್ ಸರಿಯಿದೆ, ತೂಕ ಹೆಚ್ಚಾಯ್ತು. 15 ಅಥವಾ 20 ಗ್ರಾಂ ಫೀಡರ್ ಹಾಕಿ.

ತಂಗೂಸಿ
ತೂಕ ಹೆಚ್ಚಾದ್ರೂ ಮೊದಲು ಸೋಲೋದು ಗಂಟೇ.

ಬೆಂಡು_ಮುಳುಗ್ತು
ಆ ಐದರ ಲೆಕ್ಕ ಇಲ್ಲಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್ ಕಾಲದ್ದು. ಅವರು 1952ರಲ್ಲಿ ರೆಡ್ಮೈರ್ ಕೊಳದಲ್ಲಿ 44 ಪೌಂಡ್ ಗೆಂಡೆ ಹಿಡಿದಿದ್ದು ಸೀಳುಬಿದಿರಿನ ರಾಡಲ್ಲಿ. ಕಾರ್ಬನ್ನಿಗೆ ಅದನ್ನೇ ಅಳತೆಗೋಲು ಮಾಡ್ಕೋಬೇಡಿ. ಅದಕ್ಕಿಂತ ಮುಖ್ಯ, ಟೆಸ್ಟ್ ಕರ್ವ್ ಬರೆದಿರೋದು ಏವನ್ ಟಾಪಿಗೆ. ಕ್ವಿವರ್ ತುದಿ ಮೇಲಿನ 1, 2 ಔನ್ಸ್ ಬೀಸೋ ತೂಕ ಅಲ್ಲ, ಆ ತುದಿಯನ್ನ 90 ಡಿಗ್ರಿ ಬಗ್ಗಿಸೋಕೆ ಬೇಕಾದ ಎಳೆತ. ನಿಂತ ನೀರಿಗೆ 1, ಹರಿವಿಗೆ 2 ಅಥವಾ ಹೆಚ್ಚು. ಬೀಸೋ ತೂಕ ಬೇರೆ, ರಾಡಿನ ಹಿಡಿ ಹತ್ತಿರ ಗ್ರಾಂನಲ್ಲಿ ಬರೆದಿರುತ್ತೆ, ನೋಡಿ.

ಟ್ರೆಂಟ್_ತೀರ
ಶುರು ಮಾಡೋಕೆ ಒಂದು ಲೆಕ್ಕ ಅಂತ ಕೊಟ್ಟಿದ್ದು. ಕಾರ್ಬನ್ ಆದ ಮಾತ್ರಕ್ಕೆ ಗ್ರಾಂ ಬದಲಾಗಲ್ಲ.

ಮೂರು_ರಾಡ್
ಇಷ್ಟೆಲ್ಲ ಯಾಕೆ? ಎಂಟು ಎಳೆ ಹೆಣೆದ ಬ್ರೇಡ್ ಲೈನ್ ಹಾಕಿ, ಮುಂದೆ ಬೀಸೋ ಜಗ್ಗು ತಡೆಯೋಕೆ 15 ಪೌಂಡ್ ಶಾಕ್ ಲೀಡರ್ ಲೈನ್, ರಾಡಿನ ಎರಡು ಪಟ್ಟು ಉದ್ದ. ನನ್ನದು 12 ಅಡಿ, 3 ಪೌಂಡ್ ಟೆಸ್ಟ್ ಕರ್ವಿನ ಮೂರು ರಾಡ್, ದೊಡ್ಡ ಸ್ಪೂಲಿನ ಬಿಗ್ ಪಿಟ್ ರೀಲ್, ಮೂರಕ್ಕೂ ಮೀನು ಕಚ್ಚಿದ್ರೆ ಕೂಗೋ ಅಲಾರ್ಮ್. ಈ ಎಲ್ಲಕ್ಕೂ ಒಂದೇ ರಾಡ್ ಅನ್ನೋದು ಯಾವುದಕ್ಕೂ ಸಲ್ಲದ ರಾಡ್.

ಬೆಂಡು_ಮುಳುಗ್ತು
ಇಲ್ಲಿ ದುಡ್ಡು ಕೊಟ್ಟು ಗಾಳ ಹಾಕೋ ಎಷ್ಟೋ ಕಮರ್ಷಿಯಲ್ ಕೆರೆಗಳಲ್ಲಿ ಬ್ರೇಡಿಗೆ ನಿಷೇಧ ಇದೆ. ನಿಮ್ಮ ಮೂರನೇ ರಾಡಿಗೆ ಮೂರು ರಾಡಿನ ಲೈಸೆನ್ಸೇ ಬೇಕು, ಮಾಮೂಲಿದರಲ್ಲಿ ಎರಡೇ. ಎರಡು ಪೌಂಡಿನ ಟೆಂಚ್ ಮೀನು 3 ಪೌಂಡ್ ರಾಡಲ್ಲಿ ಸಿಕ್ಕಿದ್ರೆ ಒದ್ದೆ ಗೋಣಿಚೀಲ ಎಳೆದಂಗೆ ಇರುತ್ತೆ.

ಮೂರು_ರಾಡ್
ಲೈಸೆನ್ಸ್ ಇದೆ ಸ್ವಾಮಿ. ಟೆಂಚ್ ಯಾರಿಗೆ ಬೇಕು?

ಮದ್ದೂರಣ್ಣ
ಊರಿಂದ ಓದ್ತಾ ಇದ್ದೀನಿ. ಕೋರ್ಸ್ ಫಿಶಿಂಗ್ ಅಂದ್ರೆ ಏನಣ್ಣ? ಈ ರಾಡ್ ನಮ್ಮ ಕೆರೆ ಕಟ್ಲಾಗೆ ತಡೆಯುತ್ತಾ?

ಬೆಂಡು_ಮುಳುಗ್ತು
ಸಾಲ್ಮನ್, ಟ್ರೌಟ್ ಜಾತಿ ಬಿಟ್ಟು ಉಳಿದ ಸಿಹಿನೀರಿನ ಮೀನೆಲ್ಲ ಇಲ್ಲಿ ಕೋರ್ಸ್: ಗೆಂಡೆ, ಟೆಂಚ್, ಬ್ರೀಮ್, ರೋಚ್, ಬಾರ್ಬೆಲ್. ನಿಮ್ಮ ಕಡೆ ಎರಡು ಮೂರು ಕೆಜಿ ಸಾಮಾನ್ಯ ಗೆಂಡೆ, ರೋಹುಗೆ ಏವನ್ ಟಾಪ್ ಆಗುತ್ತೆ, ರೀಲಿನ ಡ್ರ್ಯಾಗ್ ಸಡಿಲ ಇರಲಿ. ಹತ್ತು ಕೆಜಿ ಕಟ್ಲಾ ಬಂದು ಕೆರೆಯಲ್ಲಿ ಮುಳುಗಿದ ಜಾಲಿ ಮರದ ಕಡೆ ತಿರುಗಿದ್ರೆ ತಡೆಯೋ ಶಕ್ತಿ ಇದಕ್ಕಿಲ್ಲ.

ಮಲಪ್ರಭಾ
ಗಂಟು, ತೂಕ ಅಂತ ಯಾಕ ಹಠಾ ಹಿಡದೀರಿ? ಹರಿದ ತುದಿ ನೋಡಿದ್ರ ಅದ ಹೇಳತೈತಿ. ಸ್ಪ್ರಿಂಗಿನಂಗ ಸುರುಳಿ ಆಗಿದ್ರ ಗಂಟು ಜಾರೇತಿ. ಎಳದು ತೆಳ್ಳಗ, ಬೆಳ್ಳಗ ಆಗಿದ್ರ ಭಾರಕ್ಕ ಹರದೈತಿ. ಚಾಕುವಿಲೆ ಕೊಯ್ದಂಗ ಇದ್ರ ಎಲ್ಲೋ ಕೊಯ್ಯಾಕತ್ತೈತಿ. ಇನ್ನೊಂದು, ಫೀಡರಿನಿಂದ ಎಷ್ಟು ಮ್ಯಾಲೆ ಹರೀತೈತಿ? ಬೆಂಡು ಹಾಕೂದು ಏವನ್ ಟಾಪಿಗೋ, ಕ್ವಿವರಿಗೋ? ಇದನ್ನ ಯಾರೂ ಕೇಳಿಲ್ಲ, ನೀವೂ ಹೇಳಿಲ್ಲ.

ಕಾಲುವೆ_ದಡ
ಬೆಂಡಿಗೆ ಏವನ್, ಫೀಡರಿಗೆ ಕ್ವಿವರ್, ಅದು ಗೊತ್ತಿರೋದೇ ಅಲ್ವಾ? ಹರಿದ ತುಂಡು ಕಿಟ್ ಬ್ಯಾಗಲ್ಲೇ ಇತ್ತು, ನೋಡಿದೆ. ಕೊಯ್ದಂಗಿದೆ. ಫೀಡರ್ ಒಂದೇ ಹೋಗಲ್ಲ, ಜೊತೆಗೆ ಸುಮಾರು ಒಂದು ಮೀಟರ್ ಲೈನೂ ಹೋಗುತ್ತೆ.

ಮಲಪ್ರಭಾ
ಮುಗೀತಲ್ರೀ! ಬೀಸೂ ಮುಂದ ಫೀಡರ್ ತುದಿಯಿಂದ ಒಂದು ಮೀಟರ್ ಕೆಳಗ ಜೋತಾಡತಿರತೈತಿ. ಅಂದ್ರ ಹರಿಯೂ ಜಾಗ ಆ ಹೊತ್ತಿಗೆ ಸರಿಯಾಗಿ ತುದಿ ರಿಂಗಿನ್ಯಾಗ ಇರತೈತಿ. ರಿಂಗಿನ ಒಳಗಿನ ಸೆರಾಮಿಕ್ ಉಂಗುರ ಸೀಳೇತಿ, ಇಲ್ಲಂದ್ರ ಬಿದ್ದು ಹೋಗೇತಿ. ಸೀಳು ಕಣ್ಣಿಗೆ ಕಾಣಂಗಿಲ್ಲ. ಇಯರ್ ಬಡ್ಡಿನ ಹತ್ತಿ ಒಂಚೂರು ಬಿಡಿಸಿ, ಒಂದೊಂದು ರಿಂಗಿನ್ಯಾಗ ತೂರಿಸಿ ಸುತ್ತಲೂ ತಿರುಗಿಸ್ರಿ. ಎಳಿ ಸಿಕ್ಕೊಂಡಲ್ಲಿ ಸೀಳು. ಎರಡೂ ತುದಿ, ಎಲ್ಲಾ ರಿಂಗ್ ನೋಡ್ರಿ.

ತಂಗೂಸಿ
ಗಂಟಿನ ಮೇಲೇ ಹರಿದ್ರೂ ಕೆಲವೊಮ್ಮೆ ಕೊಯ್ದಂಗೇ ಕಾಣುತ್ತೆ, ಅಷ್ಟೇ ನಾನು ಹೇಳೋದು.

ಕಾಲುವೆ_ದಡ
1 ಔನ್ಸ್ ತುದಿಯ ಕೊನೇ ರಿಂಗಲ್ಲಿ ಹತ್ತಿ ಸಿಕ್ಕೊಂಡಿತು! 2 ಔನ್ಸ್ ತುದಿ ನುಣುಪಾಗಿದೆ. ಆದ್ರೆ ಹೋದ ವಾರ 2 ಔನ್ಸಲ್ಲೂ ಒಂದ್ಸಲ ಹರೀತು, ಅದು ರೀಲಿನ ಹತ್ತಿರವೇ. ಹಾಗಾದ್ರೆ ಅದು?

ಬೆಂಡು_ಮುಳುಗ್ತು
ರೀಲಿನ ಲೈನ್ ಕ್ಲಿಪ್ಪಿಗೆ ಲೈನ್ ಸಿಕ್ಕಿಸಿ ಬೀಸ್ತೀರಾ?

ಕಾಲುವೆ_ದಡ
ಹೂಂ, ಒಂದೇ ಜಾಗಕ್ಕೆ ಬೀಳ್ಲಿ ಅಂತ. ಎಲ್ರೂ ಹಾಗೇ ಮಾಡ್ತಾರಲ್ಲ.

ಬೆಂಡು_ಮುಳುಗ್ತು
ಎಲ್ರೂ ಮಾಡ್ತಾರೆ, ಜೋರಾಗಿ ಬೀಸಿ ಹರ್ಕೋತಾರೆ. ಫೀಡರ್ ಇನ್ನೂ ಗಾಳೀಲಿ ಇರೋವಾಗಲೇ ರಾಡನ್ನ ನೆಟ್ಟಗೆ ಎತ್ತಿ ಹಿಡೀರಿ. ಕ್ಲಿಪ್ ತಡೆದ ತಕ್ಷಣ ರಾಡ್ ಮುಂದಕ್ಕೆ ಬಾಗಿ ಆ ಜಗ್ಗು ನುಂಗ್ಕೊಳ್ಳುತ್ತೆ. ರಾಡ್ ನೀರಿನ ಕಡೆ ನೇರವಾಗಿ ಚಾಚಿದ್ರೆ ಪೂರ್ತಿ ಹೊಡೆತ ಕ್ಲಿಪ್ ಹತ್ತಿರದ ಲೈನಿಗೇ ಬೀಳುತ್ತೆ. ದೊಡ್ಡ ಗೆಂಡೆ ಇರೋ ಕೆರೆಯಾದ್ರೆ ಕ್ಲಿಪ್ ಬೇಡವೇ ಬೇಡ. ಮೀನು ಓಡಿದ್ರೆ ಬಿಡೋಕೆ ಲೈನ್ ಇರಲ್ಲ. ದೂರಕ್ಕೆ ಗುರುತು ಅಂತ ಲೈನಿಗೆ ಎಲಾಸ್ಟಿಕ್ ದಾರದ ಸ್ಟಾಪ್ ಗಂಟು ಕಟ್ಟಿ, ಅದು ರಿಂಗುಗಳಲ್ಲಿ ಹಾದುಹೋಗುತ್ತೆ.

ಟ್ರೆಂಟ್_ತೀರ
ಫೀಡರ್ ಹರಿದು ಹೋದ್ರೂ ಮೀನು ಅದನ್ನ ಎಳ್ಕೊಂಡು ತಿರುಗಬಾರದು. ಲೈನ್ ನಡುವೆ ಸಲೀಸಾಗಿ ಜಾರೋ ಥರದ್ದೇ ಹಾಕಿ. ಹುಕ್‌ಲೆಂಗ್ತ್ (ಕೊಕ್ಕೆ ಕಟ್ಟೋ ತುಂಡು ಲೈನ್) 10 ಸೆಂಮೀ, ಮೇನ್ ಲೈನಿಗಿಂತ ಒಂದು ಪೌಂಡಾದರೂ ಕಡಿಮೆ.

ಕಾಲುವೆ_ದಡ
ತುದಿ ರಿಂಗ್ ಮಾತ್ರ ಬದಲಿಸೋಕಾಗುತ್ತಾ?

ಮಲಪ್ರಭಾ
ಆಗತೈತಿ. ಲೈಟರಿನ ಉರಿ ರಿಂಗಿನ ಲೋಹದ ನಳಿಗಿ ಅಷ್ಟ ತಾಗಿಸ್ರಿ, ನಾಲ್ಕೈದು ಸೆಕೆಂಡ್, ತುದಿಗೆ ತಾಗಬಾರದು. ಇಕ್ಕಳದಿಂದ ಹಿಡದು ನೆಟ್ಟಗ ಎಳೀರಿ, ತಿರುಚಬ್ಯಾಡ್ರಿ. ಬರಲಿಲ್ಲಂದ್ರ ಮತ್ತೊಮ್ಮೆ ಕಾಸ್ರಿ. ತುದಿಯ ದಪ್ಪ ವರ್ನಿಯರ್‌ನ್ಯಾಗ ಅಳದು, ಅಷ್ಟ ಒಳವ್ಯಾಸದ ರಿಂಗ್ ತರ್ರಿ. ಹಾಟ್ ಮೆಲ್ಟ್ ಅಂಟು ಹಚ್ರಿ, ಸೂಪರ್ ಗ್ಲೂ ಬ್ಯಾಡ. ಮುಂದ ಮತ್ತ ತೆಗೀಬೇಕಂದ್ರ ಬರಂಗಿಲ್ಲ. ಅಂಟು ಆರೂದರೊಳಗ ಉಳಿದ ರಿಂಗುಗಳ ಸಾಲಿಗೆ ನೆಟ್ಟಗ ತಿರುಗಿಸ್ರಿ. ಕ್ವಿವರ್ ತುದಿ ಟಾಪಿನ್ಯಾಗ ಕೂಡಸೂ ಮುಂದೂ ಒಂದು ಕಣ್ಣು ಮುಚ್ಚಿ ಸಾಲು ನೋಡ್ರಿ.

ಬೆಂಡು_ಮುಳುಗ್ತು
ರಾಡ್ ವಾಪಸ್ ಕೊಡಬೇಡಿ. ಒಳ್ಳೇ ಆಯ್ಕೆನೇ. 3000 ಅಥವಾ 4000 ಸೈಜಿನ ರೀಲ್, ಒಂದು ಸ್ಪೂಲಿಗೆ 6 ಪೌಂಡ್, ಇನ್ನೊಂದಕ್ಕೆ ಬೆಂಡಿಗಾಗಿ 4 ಪೌಂಡ್. ಏವನ್ ಟಾಪಲ್ಲಿ ಮೂರು ಎಎಎ ಗುಂಡು ಹೊರೋ ವ್ಯಾಗ್ಲರ್ ಬೆಂಡು ಸಲೀಸು. ನೀರು 10 ಅಡಿ ದಾಟಿದ್ರೆ ಮಾತ್ರ ಬೆಂಡನ್ನ ಜಾರುವಂತೆ ಕಟ್ಟಬೇಕು, ಇಲ್ಲದಿದ್ರೆ 11 ಅಡಿ ರಾಡಲ್ಲಿ ಬೀಸೋಕೆ ಆಗಲ್ಲ. ಹೊಳೆಯಲ್ಲಿ ಈಗ ಗಾಳ ಹಾಕೋ ಹಾಗಿಲ್ಲ, ಜೂನ್ 16ರವರೆಗೆ ಹೇಗೂ ಕಾಯಬೇಕು.

ಟ್ರೆಂಟ್_ತೀರ
ಸೀಳು ರಿಂಗಲ್ಲಿ ಹಾದ ಲೈನೆಲ್ಲ ಗೀರಿರುತ್ತೆ. ಬೀಸೋ ದೂರಕ್ಕಿಂತ ಹತ್ತು ಮೀಟರ್ ಹೆಚ್ಚೇ ಕತ್ತರಿಸಿ ಬಿಸಾಕಿ. ದಡದಲ್ಲಿ ಬಿಡಬೇಡಿ, ಹಕ್ಕಿ ಕಾಲಿಗೆ ಸುತ್ಕೊಳ್ಳುತ್ತೆ.

ಕಾಲುವೆ_ದಡ
ರಿಂಗ್ ಹಾಕಿದೆ, ಲೈನ್ ಕತ್ತರಿಸಿದೆ. 20 ಗ್ರಾಂ ಫೀಡರ್, ಕ್ಲಿಪ್ ಇಲ್ಲದೆ ಮೂವತ್ತು ಸಲ ಬೀಸಿದ್ರೂ ಹರಿದಿಲ್ಲ. ಈಗ 1 ಔನ್ಸ್ ತುದಿ ಗಾಳಿಗೇ ಅಲ್ಲಾಡ್ತಾ ಇರುತ್ತೆ, ಕಚ್ಚಿದ್ದು ಗೊತ್ತಾಗಲ್ಲ.

ತಂಗೂಸಿ
ರಾಡ್ ತುದಿ ನೀರಿಗೆ ತಾಗೋ ಹಾಗೆ ಕೆಳಗಿಡಿ. ಗಂಟೂ ಒಮ್ಮೆ ನೋಡ್ಕೊಳ್ಳಿ.

ಮೂರು_ರಾಡ್
ಅಲಾರ್ಮ್ ತಗೊಳ್ಳಿ.