ಮೊಣಕಾಲು ನೋವು, ಶುಗರ್, ಮರೆವು: ಅಪ್ಪನನ್ನು ನಡೆಸಬೇಕಾ, ಕೂಡಿಸಬೇಕಾ?

ಪ್ರಶ್ನೆ (ಜೋರಾಪುರ ಪೇಟೆ, ವಿಜಯಪುರ):
ನಮಸ್ಕಾರ ಮೇಡಂ. ನಮ್ಮ ಅಪ್ಪ ಕನ್ನಡ ಶಾಲೆಯಲ್ಲಿ ಮಾಸ್ತರ್ ಆಗಿದ್ದರು. ಈಗ 67 ವರ್ಷ. ಶುಗರ್ ಇದೆ, ಮಾತ್ರೆ ನಡೆದಿದೆ. ಎರಡೂ ಮೊಣಕಾಲು ನೋವು. ಎಕ್ಸ್‌ರೇ ನೋಡಿದ ಡಾಕ್ಟರ್ ಸವೆತ ಶುರುವಾಗಿದೆ ಅಂದರು. ಮೊದಲು ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುತ್ತಿದ್ದರು, ಈಗ ಪೂರ್ತಿ ಬಿಟ್ಟಿದ್ದಾರೆ. ಇಡೀ ದಿನ ಟಿವಿ ಮುಂದೆ. ಇತ್ತೀಚೆಗೆ ಹಳೆಯ ಶಿಷ್ಯರ ಹೆಸರು ನೆನಪಾಗಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ನಮಗೆ ಹೆದರಿಕೆ ಆಗಿರುವುದು ಅದಕ್ಕೇ. "ಕಾಲು ಸವೆದಿವೆ, ನಡೆದರೆ ಇನ್ನೂ ಸವೆಯುತ್ತವೆ" ಅಂತ ಅವ್ವ ಅವರನ್ನು ಏಳಲೂ ಬಿಡಲ್ಲ. ವ್ಯಾಯಾಮದಿಂದ ತಲೆಗೂ ಉಪಯೋಗ ಅಂತಾರಲ್ಲ, ಖರೇನಾ?

ಉತ್ತರ (ಫಿಜಿಯೋಥೆರಪಿಸ್ಟ್):
ನಮಸ್ಕಾರ ಅಣ್ಣಾರ. ಖರೇ. ನಿಮ್ಮ ಅಪ್ಪಾರನ್ನು ನಡೆಸಲೇಬೇಕು. ಅವ್ವಾರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೇ ಮಾತು: "ನೀವು ಕೂಡ್ರಿ, ನಾವು ತಂದುಕೊಡುತ್ತೇವೆ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹಿರಿಯರಿಗೆ ಇದರಷ್ಟು ನಷ್ಟ ಮಾಡುವ ಮಾತು ಇನ್ನೊಂದಿಲ್ಲ.

ಮೊದಲು ಮೊಣಕಾಲು. ಕೀಲಿನ ಮೇಲೆ ಬೀಳುವ ಭಾರದಲ್ಲಿ ಒಂದು ಪಾಲನ್ನು ತೊಡೆಯ ಮುಂದಿನ ಸ್ನಾಯು ಹೊರುತ್ತದೆ. ಕೂತಲ್ಲೇ ಕೂತರೆ ಆ ಸ್ನಾಯು ಸೊರಗುತ್ತದೆ, ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ, ನೋವು ಜಾಸ್ತಿಯಾಗುತ್ತದೆ. ನೋವಿದೆ ಅಂತ ಇನ್ನೂ ಕೂಡುತ್ತಾರೆ. ಸವೆತ ಇದ್ದವರಿಗೂ ಮೊದಲು ಹೇಳುವ ಚಿಕಿತ್ಸೆ ವ್ಯಾಯಾಮವೇ.

ಹೇಗೆ ಶುರು ಮಾಡುವುದು ಹೇಳುತ್ತೇನೆ. ಅಲುಗಾಡದ, ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಪ್ಪಾರು ಅದರ ಮುಂದಿನ ಅಂಚಿಗೆ ಸರಿದು ಕೂಡಲಿ. ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದಿರಲಿ. ಎದೆ ಮುಂದೆ ಬಾಗಿಸಿ, ಕೈ ಊರದೆ ಏಳಲಿ. ಆಗದಿದ್ದರೆ ಕುರ್ಚಿ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿ. ಏಳುವುದಕ್ಕಿಂತ ಕೂಡುವುದು ಮುಖ್ಯ: ದೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಎಂಟು ಹತ್ತು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಅಷ್ಟೇ. ವಾರಕ್ಕೆ ಮೂರು ದಿನ ಸಾಕು. ನಮ್ಮ ಗರಡಿ ಮನೆಯ ಪೈಲ್ವಾನರು ಹೊಡೆಯುವ ಬೈಠಕ್ ಇದೆಯಲ್ಲ, ಅದನ್ನೇ ಕುರ್ಚಿಗೆ ತಂದಿದ್ದೇವೆ ಅಷ್ಟೇ. ಮಾಡುವಾಗ ಸ್ವಲ್ಪ ನೋವು ಬರುತ್ತದೆ. ಮರುದಿನದ ಹೊತ್ತಿಗೆ ಇಳಿದರೆ ಹೆದರಬೇಡಿ. ಕೀಲು ಬಾತು ಬಿಸಿಯಾದರೆ ಕಡಿಮೆ ಮಾಡಿ, ತೋರಿಸಿ.

ಇನ್ನು ಶುಗರ್. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆ ಮುಂದೆಯೇ ಅಡ್ಡಾಡಿದರೂ ಊಟದ ನಂತರ ಏರುವ ಶುಗರ್‌ಗೆ ತಡೆ ಬೀಳುತ್ತದೆ. ರಾತ್ರಿ ಊಟ ಮಾಡಿ ನೇರ ಹಾಸಿಗೆಗೆ ಹೋಗುವ ರೂಢಿ ಇದ್ದರೆ ಇದೊಂದನ್ನಾದರೂ ಬದಲಿಸಿ.

ಈಗ ತಲೆಯ ಮಾತು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಹೊಸ ನೆನಪು ಕೂಡಿಡುವ ಕೆಲಸದಲ್ಲಿ ಅದರದ್ದೇ ಮುಖ್ಯ ಪಾತ್ರ. ವಯಸ್ಸಾದಂತೆ ಅದು ಕುಗ್ಗುತ್ತದೆ. 2011ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 55 ದಾಟಿದ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ ಮೂರು ದಿನ, 40 ನಿಮಿಷದ ತನಕ ನಡೆಸಿದರು. ಇನ್ನೊಂದು ಗುಂಪಿಗೆ ಮೈ ಎಳೆದು ಸಡಿಲ ಮಾಡುವ ಹಗುರ ವ್ಯಾಯಾಮ. ಒಂದು ವರ್ಷದ ನಂತರ ಸ್ಕ್ಯಾನ್ ಮಾಡಿ ನೋಡಿದರೆ, ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2 ಬೆಳೆದಿತ್ತು. ಇನ್ನೊಂದು ಗುಂಪಿನವರದ್ದು ಕುಗ್ಗಿತ್ತು. ಓಡಿದ್ದಲ್ಲ, ಜಿಮ್ ಅಲ್ಲ, ಬರೀ ನಡಿಗೆ! ನಡೆಯುವಾಗ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ನಿದ್ದೆಯೂ ಸುಧಾರಿಸುತ್ತದೆ, ಮನಸ್ಸು ಹಗುರಾಗುತ್ತದೆ.

ಆದರೆ ಒಂದು ಮಾತು. ಮರೆವಿಗೆ ಬರೀ ವಾಕಿಂಗ್ ಹೇಳಿ ಕಳಿಸಲು ನನಗೆ ಮನಸ್ಸಿಲ್ಲ. ಒಮ್ಮೆ ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋಗಿ. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು, ಅದರಿಂದಲೂ ಮರೆವು ಬರುತ್ತದೆ. ಥೈರಾಯ್ಡ್ ನೋಡಿಸಿ. ಕಿವಿಯನ್ನೂ ನೋಡಿಸಿ. ಎಷ್ಟೋ ಸಲ ಮಾತು ಸರಿಯಾಗಿ ಕೇಳಿಸದೆ ಮತ್ತೆ ಕೇಳುತ್ತಿರುತ್ತಾರೆ, ನಾವು ಮರೆವು ಅಂದುಕೊಳ್ಳುತ್ತೇವೆ. ನಿವೃತ್ತಿಯಾದ ಮೇಲೆ ಮನಸ್ಸು ಕುಗ್ಗಿದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ (ಇಂಡಿ ತಾಲೂಕು):
ಮೇಡಂ, ನಾನು ಬೆಳಿಗ್ಗೆ ಐದಕ್ಕೆ ಎದ್ದರೆ ರೊಟ್ಟಿ ಬಡಿಯುವುದು, ಎಮ್ಮೆ ಸಗಣಿ, ನೀರು, ಹೊಲ, ಎಲ್ಲ ನನ್ನದೇ. ನಾನೂ ಬೇರೆ ವ್ಯಾಯಾಮ ಮಾಡಬೇಕಾ?

ಉತ್ತರ:
ಅಕ್ಕಾರ, ನಿಮ್ಮ ಕೆಲಸ ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆ. ಯಾರಾದರೂ "ಮನೆಗೆಲಸ ವ್ಯಾಯಾಮ ಅಲ್ಲ" ಅಂದರೆ ಕೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಮನೆಗೆಲಸ, ಹೊಲದ ಕೆಲಸ ಎರಡೂ ಅದರಲ್ಲಿ ಸೇರುತ್ತವೆ. ಗುರುತು ಹಿಡಿಯುವುದು ಸುಲಭ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಉಸಿರು ಏರಿದರೆ ಅದು ಮಧ್ಯಮ ಶ್ರಮ.

ನಿಮಗೆ ಬೇಕಾಗಿರುವುದು ಬೇರೆ. ಇಡೀ ದಿನ ಬಾಗಿಯೇ ಇರುತ್ತೀರಿ. ಹಾಗಾಗಿ ಆಗಾಗ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟು ನಿಧಾನ ಹಿಂದಕ್ಕೆ ಬಾಗಿ. ನೀರಿನ ಕೊಡ ಎತ್ತುವಾಗ ಮೊಣಕಾಲು ಬಗ್ಗಿಸಿ, ಕೊಡವನ್ನು ಮೈಗೆ ಒತ್ತಿ ಹಿಡಿದು ಏಳಿ. ಮತ್ತೆ, ಮಧ್ಯಾಹ್ನ ಅರ್ಧ ತಾಸು ಅಡ್ಡಾಗಿ. ಅದು ನಿಮಗೆ ಸಲ್ಲಬೇಕಾದ ವಿಶ್ರಾಂತಿ.

ಪ್ರಶ್ನೆ (ಜಲನಗರ):
ಮೇಡಂ, ಕೆಎಎಸ್‌ಗೆ ಓದುತ್ತಿದ್ದೇನೆ. ದಿನಕ್ಕೆ ಹತ್ತು ತಾಸು ಕೂತೇ ಇರುತ್ತೇನೆ. ವ್ಯಾಯಾಮಕ್ಕೆ ಟೈಮ್ ಕೊಟ್ಟರೆ ಓದು ಹಾಳಾಗಲ್ವಾ?

ಉತ್ತರ:
ಹಾಳಾಗಲ್ಲ ತಮ್ಮಾ. ಇಪ್ಪತ್ತು ನಿಮಿಷ ಚುರುಕಾಗಿ ನಡೆದು ಬಂದ ಮೇಲೆ ಸ್ವಲ್ಪ ಹೊತ್ತು ಗಮನ ಚೆನ್ನಾಗಿ ನಿಲ್ಲುತ್ತದೆ. ಕಷ್ಟದ ವಿಷಯವನ್ನು ಆಗಲೇ ಓದು. ಕೂತಿರುವುದರ ಬೆಲೆಯೂ ಗೊತ್ತಿರಲಿ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ನೌಕರರ ಮೇಲಿನ ಅಧ್ಯಯನ ಪ್ರಕಟಿಸಿದ್ದರು. ಕೂತೇ ಇರುವ ಡ್ರೈವರ್‌ಗಳಿಗಿಂತ, ಮೇಲೆ ಕೆಳಗೆ ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಒಂದೇ ಬಸ್, ಒಂದೇ ಊರು! ತಾಸಿಗೊಮ್ಮೆ ಎದ್ದು ನೀರು ಕುಡಿದು ಬಾ. ವಿಜಯಪುರ ಸೈಕ್ಲಿಸ್ಟ್‌ಗಳ ಊರು, ಸೈಕಲ್ ಇದ್ದರೆ ಲೈಬ್ರರಿಗೆ ಅದರಲ್ಲೇ ಹೋಗು. ನಿದ್ದೆ ಮಾತ್ರ ಕಡಿಮೆ ಮಾಡಬೇಡ.

ಮೊದಲು ಕೇಳಿದವರು:
ಬಹಳ ಉಪಕಾರ ಆಯಿತು ಮೇಡಂ. ಅವ್ವನಿಗೂ ಓದಿ ಹೇಳಿದೆ. ಅಪ್ಪ ಸಿದ್ಧೇಶ್ವರ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುತ್ತೇನೆ ಅಂತಿದ್ದಾರೆ. ಬಿಡಬಹುದಾ? ಬಿಸಿಲೂ ಜಾಸ್ತಿ.

ಉತ್ತರ:
ಹೊರಡುವ ಮನಸ್ಸು ಮಾಡಿದ್ದಾರಲ್ಲ, ಖುಷಿಯಾಯಿತು. ಬರಿಗಾಲು ಮಾತ್ರ ಬೇಡ. ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಕಾದ ನೆಲಕ್ಕೆ ಅಂಗಾಲು ಸುಟ್ಟರೂ ಗೊತ್ತಾಗಲ್ಲ, ಆ ಗಾಯ ಬೇಗ ಮಾಯಲ್ಲ. ಗುಡಿ ಬಾಗಿಲ ತನಕ ಮೆತ್ತನೆಯ ಶೂ ಇರಲಿ, ಮನೆಗೆ ಬಂದ ಮೇಲೆ ಬೆರಳ ಸಂದಿ, ಅಂಗಾಲು ನೀವೇ ನೋಡಿ.

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಲಿ. ಮೊದಲ ವಾರ ಹತ್ತು ನಿಮಿಷ ಸಾಕು, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಗೋಳಗುಮ್ಮಟದ ಅಂಗಳದಲ್ಲಿ ನಡೆಯಲಿ, ಮೇಲಿನ ಗ್ಯಾಲರಿಗೆ ಹತ್ತುವುದು ಸದ್ಯ ಬೇಡ. ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು, ಇಳಿಯುವಾಗ ಮೊಣಕಾಲಿಗೆ ಭಾರ. ಓಣಿಯ ಒಬ್ಬ ಗೆಳೆಯರನ್ನು ಜೊತೆ ಮಾಡಿ, ಒಬ್ಬರಿಗೊಬ್ಬರು ಕರೆಯಲು ಬಂದರೆ ತಪ್ಪಿಸುವುದು ಕಡಿಮೆ. ಶುಗರ್ ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಮೈ ನಡುಗಿ ಬೆವರು ಬಂದರೆ ತಕ್ಷಣ ತಿನ್ನಬೇಕು. ಎದೆ ಬಿಗಿದರೆ ಅಲ್ಲೇ ಕೂತು, ಮನೆಗೆ ಬರುವ ತನಕ ಕಾಯದೆ 108ಕ್ಕೆ ಫೋನ್ ಮಾಡಲಿ. ಈ ಎರಡನ್ನೂ ಜೊತೆ ಹೋಗುವ ಗೆಳೆಯರಿಗೂ ಹೇಳಿಡಿ.