ಸಹಾಯ ಬೇಕು: ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ, ವಿದ್ಯಾನಗರ. ನಮ್ಮ ಅಕ್ಕನಿಗೆ 44 ವರ್ಷ, ತೂಕ 112 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 43. ಶುಗರ್ ಇದೆ, ಮೊಣಕಾಲು ನೋವಂತೂ ಕೇಳಬೇಡಿ. ಡಾಕ್ಟರು ಸ್ಲೀವ್ ಆಪರೇಷನ್ ಹೇಳಿದ್ದಾರೆ. ಜಠರದ ಮುಕ್ಕಾಲು ಭಾಗದಷ್ಟು ತೆಗೆದುಬಿಡುತ್ತಾರೆ, ಮತ್ತೆ ಮೊದಲಿನಂತೆ ಮಾಡಲು ಬರಲ್ಲ. ಅದಕ್ಕೇ ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. "ಬಾಯಿ ಕಟ್ಟಿದರೆ ಸಾಕು" ಅಂತಾಳೆ ಅವ್ವ. ಅಕ್ಕ ಬಾಯಿ ಕಟ್ಟದ ವರ್ಷವೇ ಇಲ್ಲ. ಇಳಿದದ್ದೆಲ್ಲ ಮತ್ತೆ ಏರಿದೆ.

ನನ್ನ ಚಿಂತೆ ಆಮೇಲಿನದು. ಮೊದಲ ಎರಡು ವಾರ ಬರೀ ತೆಳ್ಳಗಿನ ಆಹಾರ, ನಂತರ ನುಣ್ಣಗೆ ರುಬ್ಬಿದ್ದು. ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕಂತೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ವಿಟಮಿನ್ ಗುಳಿಗೆ ಜೀವನಪೂರ್ತಿ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಮೊಸರು, ಹೆಸರುಬೇಳೆ, ಪನೀರ್ ಬಿಟ್ಟು ಬೇರೆ ಏನು ಕೊಟ್ಟಿರಿ? ಜೋಳದ ರೊಟ್ಟಿ ಯಾವಾಗ ಒಗ್ಗಿತು? ಆಪರೇಷನ್ ಆದಮೇಲೆ ಕೂದಲು ಉದುರುತ್ತಂತೆ, ಅದು ತಾನಾಗೇ ನಿಂತಿತಾ? ಇನ್ಶೂರೆನ್ಸ್‌ನವರು ಏನೇನು ಕಾಗದ ಕೇಳಿದರು?

ಹುಬ್ಬಳ್ಳಿ-ಧಾರವಾಡದಲ್ಲೇ ಮಾಡಿಸಿದವರು ಖರ್ಚು, ಫಾಲೋಅಪ್ ಬಗ್ಗೆ ಹೇಳಿ. ಬೆಂಗಳೂರಿಗೆ ಹೋದರೆ ಪ್ರತಿ ಚೆಕಪ್‌ಗೂ ಓಡಬೇಕಲ್ವಾ? ಕಷಾಯ, ಪುಡಿ ಮಾರುವವರು ದಯವಿಟ್ಟು ಸುಮ್ನೆ ಮೆಸೇಜ್ ಹಾಕಬೇಡಿ.