‘ಕಾಗೆ’ ಅನ್ನೋಕೆ ‘ತಾದೆ’ ಅಂತಾಳೆ

ಪ್ರಶ್ನೆ: ಮಗಳಿಗೆ 3 ವರ್ಷ 4 ತಿಂಗಳು. ಕಾಗೆ ‘ತಾದೆ’, ಗಾಡಿ ‘ದಾಡಿ’. ‘ರ’ ಎಲ್ಲಾ ‘ಲ’. ತಿದ್ದಬೇಕಾ?

ಉತ್ತರ 1: ‘ರ’ ತಡವಾಗೇ ಬರೋದು, ಬಿಡಿ. ಕ-ಗ ಸಾಮಾನ್ಯವಾಗಿ 4ರೊಳಗೆ ಸರಿಹೋಗುತ್ತೆ. ನಾಲಿಗೆಯ ಹಿಂಭಾಗ ಏಳೋ ಬದಲು ತುದಿ ಹಲ್ಲಿಗೆ ತಾಗ್ತಿದೆ, ಅಷ್ಟೇ. ‘ಸರಿಯಾಗಿ ಹೇಳು’ ಅಂತ ಪೀಡಿಸಬೇಡಿ. ‘ತಾದೆ’ ಅಂದ್ರೆ ‘ಹೌದು, ಕಾಗೆ ಬಂತು’ ಅನ್ನಿ.

ಉತ್ತರ 2: ಮೊದಲು ಕಿವಿ ನೋಡಿ. ಕಾಯಿ, ತಾಯಿ ಎರಡು ಚಿತ್ರ ಇಟ್ಟು, ನಿಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿ. ತುಟಿ ಕಾಣಬಾರದು. ತಪ್ಪು ಚಿತ್ರ ತೋರಿಸ್ತಿದ್ರೆ ಶ್ರವಣ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು: ಸರಿಯಾಗೇ ತೋರಿಸ್ತಾಳೆ. ಹೇಳುವಾಗ ಮಾತ್ರ ಕಾಯಿನೂ ‘ತಾಯಿ’!

ಉತ್ತರ 2: ಹಾಗಾದ್ರೆ ಕಾಯಬಹುದು. 4 ತುಂಬಿದರೂ ಬಿಡದಿದ್ರೆ, ಅಥವಾ ಹೊರಗಿನವರಿಗೆ ಮಾತು ಅರ್ಥವಾಗದಿದ್ರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ.